ರಕ್ತಹೀನತೆ, ಮಕ್ಕಳಲ್ಲಿ (ದಾವಣಗೆರೆ ಜಿಲ್ಲೆ)

ರಕ್ತದಲ್ಲಿ ಹಿಮೋಗ್ಲೋಬಿನ್ ಕುಗ್ಗುವ ಸ್ಥಿತಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ರಕ್ತಹೀನತೆ ಎಂದು ಗಣಿಸುತ್ತದೆ. ಕರ್ನಾಟಕದಲ್ಲಿ 2015–16ರಲ್ಲಿ ಶೇ. 60.9ರಷ್ಟಿದ್ದ ಇಂಥ ಮಕ್ಕಳ ಪ್ರಮಾಣ 2019–21ರಲ್ಲಿ ಶೇ. 65.5ಕ್ಕೇರಿತು.

ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆ, ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರ್ಪಟ್ಟ ನ್ಯಾಮತಿ, ಮಳೆಯನ್ನೇ ನಂಬಿದ ಜಗಳೂರು ಒಂದೇ ಬಗೆಯ ತಾಲ್ಲೂಕುಗಳಲ್ಲ. ಆದರೆ ತೋಟ ಹಸಿರಾಗಿದ್ದ ಮಾತ್ರಕ್ಕೆ ಕೂಲಿಯವರ ಮಗುವಿನ ತಟ್ಟೆಗೆ ಸೊಪ್ಪು, ಮೊಟ್ಟೆ ಬಂದುಬಿಡುವುದಿಲ್ಲ.

ಗರ್ಭಿಣಿಯ ರಕ್ತಹೀನತೆ, ಆರು ತಿಂಗಳಾದರೂ ಎದೆಹಾಲಿನ ಜೊತೆ ಮೇಲಾಹಾರ ಕೊಡದಿರುವುದು, ಕೊಕ್ಕೆಹುಳು ಇವು ಮುಖ್ಯ ಕಾರಣಗಳು. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರಲ್ಲಿನ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಅಷ್ಟಾಗಿ ಮೈಗೆ ಹತ್ತಗೊಡದು. ನೆನೆಸಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಸರಿಯಲ್ಲಿ ಈ ಅಡ್ಡಿ ಕಡಿಮೆ. ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ, ಊಟದ ಜೊತೆಗಿನ ಚಹಾ ಅದಕ್ಕೆ ಅಡ್ಡಿಯಾಗುತ್ತದೆ.

2018ರ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದಡಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆರಡು ಸಲ 1 ಮಿ.ಲೀ. ಸಿರಪ್ ನಿಗದಿ: 20 ಮಿ.ಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಸಿರಪ್ ಕುಡಿದ ಮಗುವಿನ ಮಲ ಕಪ್ಪಾಗುವುದು ಸಹಜ. ಇದನ್ನು ಮೊದಲೇ ತಿಳಿಸದಿದ್ದರೆ ತಾಯಂದಿರು ಹೆದರಿ ಬಾಟಲಿ ಮೂಲೆಗಿಡುತ್ತಾರೆ. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ. ಬಿ12 ಕೊರತೆ, ಸೋಂಕು, ಆನುವಂಶಿಕ ರಕ್ತದೋಷಗಳಿಂದಲೂ ಅದು ಬರಬಹುದು.