ಆಮ್ಲ ಹೆಚ್ಚಿದಷ್ಟೂ ವೇಗವೇ?

ಪಿಯುಸಿ ಪ್ರಯೋಗಾಲಯದಲ್ಲಿ ಸೋಡಿಯಂ ಥಯೋಸಲ್ಫೇಟಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಗಂಧಕ ಕದಡಿ ಕಾಗದದ ಮೇಲಿನ ಗುರುತು ಮರೆಯಾಗುವವರೆಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ. ಅಲ್ಲಿ ಬದಲಿಸುವುದು ಥಯೋಸಲ್ಫೇಟಿನ ಸಾರತೆಯನ್ನು. ಆಮ್ಲ ಇದ್ದಷ್ಟೇ ಇರುತ್ತದೆ. ಆದರೂ ಪರೀಕ್ಷೆಯ ಉತ್ತರಪತ್ರಿಕೆಗೆ ಬರುವ ಸೂತ್ರ ಒಂದೇ: ಆಮ್ಲ ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚು, ಡಿಕ್ಕಿ ಹೆಚ್ಚಿದಷ್ಟೂ ವೇಗ. ಒಂದೂಮುಕ್ಕಾಲು ಶತಮಾನದ ದುಡಿಮೆಯನ್ನು ಇಷ್ಟಕ್ಕೆ ಇಳಿಸಿದ್ದೇವೆ.

ಆರಂಭದ ಕಥೆ ಎಲ್ಲ ಪಠ್ಯಗಳಲ್ಲೂ ಇದೆ. ಆಮ್ಲದಲ್ಲಿ ಕಬ್ಬಿನ ಸಕ್ಕರೆ ಒಡೆಯುವ ವೇಗವನ್ನು 1850ರಲ್ಲಿ ಪೋಲಾರಿಮೀಟರಿನಿಂದ ಅಳೆದು ಸಮೀಕರಣಕ್ಕೆ ತಂದವನು ಜರ್ಮನಿಯ ವಿಲ್ಹೆಲ್ಮಿ. ಮೂರು ದಶಕ ಅವನನ್ನು ಕೇಳಿದವರಿಲ್ಲ. 1880ರ ದಶಕದಲ್ಲಿ ಆಸ್ಟ್‌ವಾಲ್ಡ್ ಆ ಕೆಲಸವನ್ನು ಬೆಳಕಿಗೆ ತಂದ. ಕ್ರಿಯೆಯನ್ನು ಚುರುಕುಗೊಳಿಸುವುದರಲ್ಲಿ ಆಮ್ಲಗಳಿಗೆ ಯಾವ ಕ್ರಮವೋ ವಿದ್ಯುತ್ ಹರಿಸುವುದರಲ್ಲೂ ಅದೇ ಕ್ರಮ ಎಂದು ತೋರಿಸಿದ. ಅರೇನಿಯಸ್‌ನ ಅಯಾನು ಸಿದ್ಧಾಂತ ಕಾರಣ ಒದಗಿಸಿತು: ಲೆಕ್ಕಕ್ಕೆ ಬರುವುದು ಹೈಡ್ರೋಜನ್ ಅಯಾನು.

1904ರಲ್ಲಿ ಲ್ಯಾಪ್‌ವರ್ತ್ ಅಸಿಟೋನಿನ ಬ್ರೋಮಿನೀಕರಣವನ್ನು ಅಳೆದಾಗ ವೇಗ ಬ್ರೋಮಿನ್ನಿಗೆ ಸೊಪ್ಪು ಹಾಕದೆ ಆಮ್ಲವನ್ನು ಹಿಂಬಾಲಿಸಿತು. ಡಿಕ್ಕಿಯ ಸರಳ ಸೂತ್ರ ಅಲ್ಲೇ ಬಿದ್ದುಹೋಗಬೇಕಿತ್ತು. 1920ರ ದಶಕದಲ್ಲಿ ಬ್ರಾನ್‌ಸ್ಟೆಡ್, ವಿಯೋಜನೆ ಹೊಂದದ ಆಮ್ಲದ ಅಣುವೂ ಪ್ರೋಟಾನು ಕೊಟ್ಟು ಕ್ರಿಯೆಯನ್ನು ನಡೆಸಬಲ್ಲದು ಎಂದ. 1932ರಲ್ಲಿ ಹ್ಯಾಮೆಟ್ ಮತ್ತು ಡೇರಪ್, ಸಾರಯುಕ್ತ ಆಮ್ಲಗಳಲ್ಲಿ ಮೋಲಾರಿಟಿ ಕೈಕೊಡುತ್ತದೆಂದು ಹೊಸ ಅಳತೆಗೋಲು ತಂದರು. ಅದರಲ್ಲಿ ಅಪ್ಪಟ ಸಲ್ಫ್ಯೂರಿಕ್ ಆಮ್ಲ ಸುಮಾರು ಮೈನಸ್ 12ರಲ್ಲಿದೆ. ಆ ಗೋಲಿನಿಂದಲೇ ಕ್ರಿಯಾವಿಧಾನವನ್ನು ನಿರ್ಣಯಿಸಬಹುದೆಂಬ 1939ರ ಜುಕರ್–ಹ್ಯಾಮೆಟ್ ಊಹೆ ಮಾತ್ರ ನಿಲ್ಲಲಿಲ್ಲ. ಆಸೆ ದೊಡ್ಡದಿತ್ತು, ಆಧಾರ ಸಾಲದಾಯಿತು. 1959ರಲ್ಲಿ ಜೆಂಕ್ಸ್, ಹೈಡ್ರಾಕ್ಸಿಲಮೀನ್ ಕಾರ್ಬೊನೈಲ್‌ಗಳೊಡನೆ ವರ್ತಿಸುವಾಗ ವೇಗ ಒಂದು ಪಿಎಚ್‌ವರೆಗೆ ಏರಿ ಮತ್ತೆ ಏಕೆ ಇಳಿಯುತ್ತದೆಂದು ವಿವರಿಸಿದ. ಪ್ರೋಟಾನು ಅಂಟಿದ ಅಮೈನು ದಾಳಿ ಮಾಡಲಾರದು.

ನನ್ನ ತಲೆಮಾರಿಗೆ ಈ ವಿದ್ಯೆ ಕೈಗೆ ಸಿಕ್ಕಿದ್ದು ಮಾನಸಗಂಗೋತ್ರಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಿ. ಎಸ್. ಮಹದೇವಪ್ಪನವರ ಬಳಗ ಕ್ಲೋರಮೀನ್-ಟಿ ಮತ್ತು ಅದರ ಸೋದರ ಸಂಯುಕ್ತಗಳನ್ನು ಹಿಡಿದು ವರ್ಷಗಟ್ಟಲೆ ದುಡಿಯಿತು. ಉಪಕರಣವೆಂದರೆ ಥರ್ಮೋಸ್ಟಾಟ್, ಪಿಪೆಟ್, ಬ್ಯೂರೆಟ್. ಹೊತ್ತುಹೊತ್ತಿಗೆ ಮಿಶ್ರಣ ತೆಗೆದು ಆಮ್ಲೀಯ ಅಯೋಡೈಡಿಗೆ ಸುರಿದು, ಬಿಡುಗಡೆಯಾದ ಅಯೋಡಿನ್ನನ್ನು ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡುವುದು. ಅಯಾನಿಕ ಬಲ ಏರುಪೇರಾಗದಂತೆ ಸೋಡಿಯಂ ಪರ್‌ಕ್ಲೋರೇಟ್ ಹಾಕುವುದು. ಫಲ ಸಾಧಾರಣವಲ್ಲ. ಆಮ್ಲದ ಪ್ರಮಾಣಕ್ಕೆ ತಕ್ಕಂತೆ ಕ್ಲೋರಮೀನ್-ಟಿ ವೇಷ ಬದಲಿಸುತ್ತದೆ: ಅಯಾನು, ಪ್ರೋಟಾನು ಪಡೆದ ಅಣು, ಡೈಕ್ಲೋರಮೀನ್-ಟಿ, ಹೈಪೋಕ್ಲೋರಸ್ ಆಮ್ಲ. ಅಮೈನೊ ಆಮ್ಲಗಳ ಆಕ್ಸಿಡೀಕರಣದಲ್ಲಿ ಹಲವೆಡೆ ಆಮ್ಲ ಹೆಚ್ಚಿದಂತೆ ವೇಗ ತಗ್ಗಿತು. ಟಾಲ್ಯೀನ್ ಸಲ್ಫೊನಮೈಡ್ ಸೇರಿಸಿದಾಗ ವೇಗ ಕುಗ್ಗಿದರೆ, ನಿಧಾನದ ಹೆಜ್ಜೆಗೆ ಮೊದಲೇ ಆ ಅಣು ಕಳಚಿಕೊಳ್ಳುತ್ತದೆಂಬ ಸುಳಿವು. ಭಾರಜಲದಲ್ಲಿ ವೇಗ ಏರಿದರೆ, ಪ್ರೋಟಾನು ಮೊದಲೇ ಸಮತೋಲದಲ್ಲಿ ಸೇರಿಕೊಂಡಿದೆ ಎನ್ನಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಂದಿಬೇವೂರರ ಗುಂಪು ಕ್ಷಾರೀಯ ಮಾಧ್ಯಮದಲ್ಲಿ ಇಂಥದೇ ಕೃಷಿ ನಡೆಸಿತು.

ಕೊರತೆ ಇಲ್ಲವೆನ್ನಲಾರೆ. ವೇಗ ಸಮೀಕರಣ ಪ್ರೋಟಾನು ಇದೆಯೆಂದು ಹೇಳುತ್ತದೆ, ಯಾವ ಅಣುವಿನ ಮೇಲೆ ಕೂತಿದೆಯೆಂದು ಹೇಳುವುದಿಲ್ಲ. ಒಂದೇ ಸಮೀಕರಣಕ್ಕೆ ಎರಡು ಕ್ರಿಯಾವಿಧಾನ ಹೊಂದುವಾಗ ನಮ್ಮವರು ಕೆಲವೊಮ್ಮೆ ಒಂದನ್ನೇ ಬರೆದು ಮುಗಿಸಿದರು. ಬಹುಪಾಲು ಪ್ರಯೋಗ ಸಾರರಿಕ್ತ ಆಮ್ಲದಲ್ಲೇ ನಡೆದದ್ದರಿಂದ ಹ್ಯಾಮೆಟ್ ಎತ್ತಿದ ಪ್ರಶ್ನೆಯನ್ನು ಮುಟ್ಟಿದ್ದು ಕಡಿಮೆ. ಪತ್ರಿಕೆಗಳಲ್ಲಿ ಹರಡಿರುವ ವೇಗಾಂಕಗಳನ್ನು ಒಂದೆಡೆ ಕೂಡಿಸಿ, ಅನುಮಾನವಿರುವ ಕಡೆ ಸ್ಟಾಪ್ಡ್-ಫ್ಲೋ ಉಪಕರಣದಿಂದ ಮತ್ತೆ ಅಳೆಯಬೇಕು.

ಇದನ್ನು ಹಳೇ ಕೈನೆಟಿಕ್ಸ್ ಎಂದು ಮೂಗು ಮುರಿದು ನ್ಯಾನೊ ವಸ್ತುಗಳತ್ತ ಹೊರಟವರು ಆ ಕಣಗಳ ಮೇಲಿನ ಕ್ರಿಯೆಗೂ ಪಿಎಚ್ ನಕ್ಷೆ ಎಳೆಯುತ್ತಾರೆ. ಆ ನಕ್ಷೆ ಏರಿ ಇಳಿದಾಗ ಕಾರಣ ಹುಡುಕಲು ಬೇಕಾಗುವುದು ಇದೇ ವಿದ್ಯೆ.