ಹೆಸರಘಟ್ಟ ರಸ್ತೆಯಿಂದ ದಾರ್ ಎಸ್ ಸಲಾಮ್‌ವರೆಗೆ

ಬೊಮ್ಮನಹಳ್ಳಿ, ದಾಸರಹಳ್ಳಿ, ಯಲಹಂಕಗಳು 2007ರಲ್ಲಿ ಬಿಬಿಎಂಪಿಗೆ ಸೇರುವ ತನಕ ಬೇರೆ ನಗರಸಭೆಗಳೇ. ಹೊಲಗಳು ಲೇಔಟ್ ಆದಂತೆ ಬೆಂಗಳೂರಿನ ಅಂಚಿಗೆ ಕಾಲೇಜುಗಳು ಬಂದವು, ಬಾಡಿಗೆ ಮನೆಗಳು ಎದ್ದವು, ದೂರದೇಶದ ವಿದ್ಯಾರ್ಥಿಗಳೂ ಬಂದು ನೆಲೆಸಿದರು.

ಅಂಥದೊಂದು ಅಂಚಾದ ಹೆಸರಘಟ್ಟ ರಸ್ತೆಯಲ್ಲಿ, 2016ರ ಜನವರಿ 31ರ ರಾತ್ರಿ, ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಮಹಿಳೆಯೊಬ್ಬರು ಸತ್ತರು. ಸುಮಾರು ಅರ್ಧ ಗಂಟೆಯ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಸೇರಿದ್ದ ಗುಂಪು ಅವಳನ್ನು ಹಿಡಿದು ಬಡಿಯಿತು, ಅವಳಿದ್ದ ಕಾರಿಗೆ ಬೆಂಕಿ ಇಟ್ಟಿತು. ಬಟ್ಟೆ ಹರಿದರು, ಬಸ್ ಹತ್ತಿದರೆ ಹೊರದಬ್ಬಿದರು ಎಂದು ಆಕೆ ದೂರು ಕೊಟ್ಟಳು.

ಇದು ಜನಾಂಗೀಯ ದಾಳಿಯಲ್ಲ, ಅಪಘಾತದ ಸಿಟ್ಟು ಎಂದರು ಆಗಿನ ಗೃಹ ಸಚಿವ ಜಿ. ಪರಮೇಶ್ವರ. ಗುದ್ದಿದವನು ಸುಡಾನ್‌ನವನು, ಏಟು ತಿಂದವಳು ತಾಂಜಾನಿಯಾದವಳು. ಮೈಬಣ್ಣವಲ್ಲದೆ ಇನ್ನಾವುದು ಅವರಿಬ್ಬರನ್ನು ಗುಂಪಿನ ಕಣ್ಣಿಗೆ ಒಂದಾಗಿಸಿತು?

ಮೂರು ತಿಂಗಳ ಹಿಂದಷ್ಟೇ, 2015ರ ಅಕ್ಟೋಬರ್‌ನಲ್ಲಿ, ದೆಹಲಿ ಆಫ್ರಿಕದ 54 ದೇಶಗಳನ್ನು ಶೃಂಗಸಭೆಗೆ ಕರೆದು, ಐದು ವರ್ಷಗಳಲ್ಲಿ 50,000 ವಿದ್ಯಾರ್ಥಿವೇತನ ಕೊಡುವ ಮಾತು ಕೊಟ್ಟಿತ್ತು. ಓದಲು ಬನ್ನಿ ಎಂದು ಕರೆದವರು ಬಂದವರ ಜೀವ ಕಾಯಲೇಬೇಕಿತ್ತು. ತಾಂಜಾನಿಯಾದ ಹೈಕಮಿಷನರ್ ಜಾನ್ ಕಿಜಾಜಿ ವಿದೇಶಾಂಗ ಅಧಿಕಾರಿಗಳೊಡನೆ ಬೆಂಗಳೂರಿಗೆ ಧಾವಿಸಿದರು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರಾಜ್ಯ ಸರ್ಕಾರದಿಂದ ಕ್ರಮ ಕೇಳಿದರು. ಬಂಧನಗಳಾದವು, ಕೆಲವು ಪೊಲೀಸರು ಅಮಾನತಾದರು. ಠಾಣೆಯ ಮಟ್ಟದಲ್ಲಿ ಆಗಬೇಕಾದ ಕೆಲಸ ರಾಯಭಾರಿಗಳ ಮೇಜಿಗೆ ಹೋಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿಯಲ್ಲಿ ಕಾಂಗೋದ ಯುವಕನ ಕೊಲೆಯಾದಾಗ ಆಫ್ರಿಕದ ರಾಯಭಾರಿಗಳು ಆಫ್ರಿಕ ದಿನಾಚರಣೆಗೇ ಬರುವುದಿಲ್ಲವೆಂದು ಎಚ್ಚರಿಸಿದರು. ಜುಲೈನಲ್ಲಿ ಪ್ರಧಾನಿ ಮೋದಿ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗಿ ಜಾಂಜಿಬಾರ್‌ನ ನೀರು ಪೂರೈಕೆಗೆ 9.2 ಕೋಟಿ ಡಾಲರ್ ಸಾಲದ ಒಪ್ಪಂದಕ್ಕೆ ಸಾಕ್ಷಿಯಾದರು. ಆದರೂ 2017ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆಫ್ರಿಕದವರ ಮೇಲೆ ಮತ್ತೆ ದಾಳಿ ನಡೆಯಿತು. ಈ ಸಲ ರಾಯಭಾರಿಗಳು ಒಟ್ಟಾಗಿ, ಇದು ಜನಾಂಗದ್ವೇಷವೇ ಎಂದು ಹೇಳಿ, ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ತನಿಖೆಯನ್ನೇ ಕೇಳಿದರು.

ಕನ್ನಡ ನಾಡಿಗೆ ಆಫ್ರಿಕದವರು ಹೊಸಬರಲ್ಲ ಎಂಬುದು ಇನ್ನಷ್ಟು ನೋಯಿಸುವ ಸಂಗತಿ. ಹದಿನೇಳನೆಯ ಶತಮಾನದ ವಿಜಾಪುರದಲ್ಲಿ, ಮುಹಮ್ಮದ್ ಆದಿಲ್ ಶಾಹನ ಪ್ರಧಾನಿ ಇಖ್ಲಾಸ್ ಖಾನ್ ಹಬಶಿ, ಎಂದರೆ ಆಫ್ರಿಕ ಮೂಲದವನು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಮರುವರ್ಷ, 2021ರ ಆಗಸ್ಟ್‌ನಲ್ಲಿ, ಕಾಂಗೋದ ಯುವಕನೊಬ್ಬ ಬೆಂಗಳೂರಿನ ಜೆ.ಸಿ. ನಗರ ಠಾಣೆಯ ವಶದಲ್ಲಿದ್ದಾಗ ಸತ್ತ. ಠಾಣೆಯೆದುರು ಪ್ರತಿಭಟಿಸಿದ ಆಫ್ರಿಕದವರ ಮೇಲೆ ಪೊಲೀಸರು ಲಾಠಿ ಬೀಸಿದರು.