ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ರಕ್ಷಕ ಜೆಲ್‌ಗಳು

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ರಕ್ಷಕ ಜೆಲ್‌ಗಳು ಅಥವಾ ವಿಸ್ಕೋಎಲಾಸ್ಟಿಕ್‌ಗಳು ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನ ಮುಂಭಾಗದ ಕೋಣೆಯೊಳಗೆ ತುಂಬುವ ಪಾರದರ್ಶಕ ದ್ರವ್ಯಗಳಾಗಿವೆ. ಇವು ಉಪಕರಣಗಳ ಚಲನೆಗೆ ಸ್ಥಳಾವಕಾಶ ಕಲ್ಪಿಸುತ್ತವೆ ಮತ್ತು ಕಾರ್ನಿಯಾದ ಒಳಪದರವಾದ ಎಂಡೋಥೀಲಿಯಂ ಅನ್ನು ಕಾಪಾಡುತ್ತವೆ. ಈ ಪದರದ ಜೀವಕೋಶಗಳು ನಾಶವಾದರೆ ಬಹುಮಟ್ಟಿಗೆ ಮರಳಿ ಬೆಳೆಯುವುದಿಲ್ಲ. ಹೆಚ್ಚಿನ ನಷ್ಟವಾದರೆ ಕಾರ್ನಿಯಾ ಊದಿಕೊಂಡು ದೃಷ್ಟಿ ಮಸುಕಾಗುತ್ತದೆ.

ವಿಧಗಳು

ಸೋಡಿಯಂ ಹಯಲುರೊನೇಟ್: ಎಂಡ್ರೆ ಬಲಾಜ್ ಅವರ ಸಂಶೋಧನೆಯಿಂದ ರೂಪುಗೊಂಡ ಈ ಜೆಲ್ 1980ರ ಸುಮಾರಿಗೆ ನೇತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂದಿತು. ಇದರ ಉದ್ದನೆಯ ಅಣುಸರಪಳಿಗಳು ಪರಸ್ಪರ ಹೆಣೆದುಕೊಂಡಿರುವುದರಿಂದ ಕೋಣೆಯ ಆಳವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ ಹಾಗೂ ಒಂದೇ ಮುದ್ದೆಯಾಗಿ ಸುಲಭವಾಗಿ ಹೊರಬರುತ್ತದೆ. ಸಾಮಾನ್ಯವಾಗಿ ಇದನ್ನು ಶೀತಲೀಕರಣದಲ್ಲಿ ಸಂಗ್ರಹಿಸಬೇಕಾಗುತ್ತದೆ.

ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್‌ಸೆಲ್ಯುಲೋಸ್: ಸಸ್ಯಜನ್ಯ ಸೆಲ್ಯುಲೋಸ್‌ನಿಂದ ತಯಾರಾಗುವ ಇದನ್ನು ಸಾಮಾನ್ಯವಾಗಿ 2% ದ್ರಾವಣವಾಗಿ ಬಳಸಲಾಗುತ್ತದೆ. ಇದರ ಬೆಲೆ ಕಡಿಮೆ; ಸಾಮಾನ್ಯ ಉಷ್ಣಾಂಶದಲ್ಲಿಯೂ ಇರಿಸಬಹುದು. ಆದರೆ ಕೋಣೆಯ ಆಳವನ್ನು ಹಯಲುರೊನೇಟ್‌ನಷ್ಟು ಉಳಿಸಿಕೊಳ್ಳದು.

ಕಾಂಡ್ರಾಯ್ಟಿನ್ ಸಲ್ಫೇಟ್ ಮಿಶ್ರಣ: ಹಯಲುರೊನೇಟ್ ಜೊತೆ ಬೆರೆಸಿದ ಈ ಜೆಲ್ ಎಂಡೋಥೀಲಿಯಂಗೆ ಲೇಪದಂತೆ ಅಂಟಿಕೊಳ್ಳುತ್ತದೆ. ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಪುಡಿ ಮಾಡುವ ಫೇಕೊ ವಿಧಾನದಲ್ಲಿ, ವಿಶೇಷವಾಗಿ ಪೊರೆ ಗಟ್ಟಿಯಾಗಿದ್ದಾಗ, ಇದು ಉಪಯುಕ್ತ. ಇದನ್ನು ಹೊರತೆಗೆಯಲು ಹೆಚ್ಚು ಸಮಯ ಬೇಕು.

ಅಪಾಯಗಳು

ಜೆಲ್ ಕಣ್ಣಿನಲ್ಲಿ ಉಳಿದರೆ ದ್ರವ ಹೊರಹರಿಯುವ ಮಾರ್ಗಕ್ಕೆ ಅಡ್ಡಿಯಾಗಿ, ಮೊದಲ 24 ಗಂಟೆಗಳಲ್ಲಿ ಕಣ್ಣಿನ ಒತ್ತಡ ಏರಬಹುದು. ಜೆಲ್ ನೇರವಾಗಿ ಕಣ್ಣಿನೊಳಗೆ ಸೇರುವುದರಿಂದ ಅದರ ಕ್ರಿಮಿರಹಿತತೆಯೂ ನಿರ್ಣಾಯಕ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಾಗ, ಬಳಸಲಾಗಿದ್ದ ಜೆಲ್ ಮೇಲೆಯೇ ಸಂಶಯ ವ್ಯಕ್ತವಾಗಿತ್ತು.

ಗ್ರಾಮೀಣ ಬಳಕೆ

1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಗ್ರಾಮಗಳ ತಪಾಸಣಾ ಶಿಬಿರಗಳಲ್ಲಿ ಪೊರೆ ಪತ್ತೆಯಾದವರನ್ನು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಕರೆದೊಯ್ಯುವುದು ಇಂದಿನ ರೂಢಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನೊಳಗೊಂಡ ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸಮೀಪದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬೋಧನಾ ಆಸ್ಪತ್ರೆಗಳನ್ನು ಹೊಂದಿವೆ.

ಭಾರತದಲ್ಲಿ ಕಡಿಮೆ ವೆಚ್ಚದ ಸಣ್ಣ ಛೇದನದ ಶಸ್ತ್ರಚಿಕಿತ್ಸೆಗೆ ಮೀಥೈಲ್‌ಸೆಲ್ಯುಲೋಸ್ ಜೆಲ್ ವ್ಯಾಪಕವಾಗಿ ಬಳಕೆಯಲ್ಲಿದೆ. ದುಬಾರಿ ಜೆಲ್ ಎಲ್ಲರಿಗೂ ಅನಿವಾರ್ಯವಲ್ಲ. ಪೊರೆಯ ಗಡಸುತನ, ಎಂಡೋಥೀಲಿಯಂನ ಸ್ಥಿತಿ ಮತ್ತು ಶಸ್ತ್ರಚಿಕಿತ್ಸೆಯ ವಿಧಾನವನ್ನು ಆಧರಿಸಿ ಜೆಲ್‌ನ ಆಯ್ಕೆ ನಿರ್ಧಾರವಾಗುತ್ತದೆ.